ದುರ್ಗದ ಬೆಟ್ಟದ ಮೇಲೆ ಅಷ್ಟು ನೀರು ಬಂದದ್ದೆಲ್ಲಿಂದ?

ಕೋಟೆ ಬದಿಯ ಮನೆ

ಹೋದ ಭಾನುವಾರ ಮಗಳನ್ನು ಕರ್ಕೊಂಡು ಚಿತ್ರದುರ್ಗದ ಕೋಟೆ ಹತ್ತಿದ್ದೆ. ಒಂಬತ್ತನೇ ಕ್ಲಾಸು, ಕೇಳಿದ್ದಕ್ಕೆ ಉತ್ತರ ಸಿಗೋವರೆಗೂ ಬಿಡೋಳಲ್ಲ. ಗೋಪಾಲಸ್ವಾಮಿ ಹೊಂಡದ ಹತ್ತಿರ ಕೂತು ಮಂಡಕ್ಕಿ ತಿಂತಿದ್ದವಳು ತಲೆಯೆತ್ತಿ ಸುತ್ತ ನೋಡಿ, "ಅಪ್ಪಾ, ಇಲ್ಲಿ ಹೊಳೆ ಇಲ್ಲ, ಹಳ್ಳ ಇಲ್ಲ, ಎತ್ತ ನೋಡಿದರೂ ಬಂಡೆ. ಬೆಟ್ಟದ ಮೇಲೆ ಇಷ್ಟು ನೀರು ಎಲ್ಲಿಂದ ಬಂತು?" ಅಂದಳು. "ಕೆಳಗೆ ಒರತೆ ಐತಮ್ಮ" ಅಂದೆ. ನಮ್ಮಜ್ಜ ನನಗೆ ಹೇಳಿದ್ದೂ ಅದನ್ನೇ. ಅವಳು ಒಪ್ಪಲಿಲ್ಲ. "ಊರೊಳಗಿನ ಬೋರ್‌ವೆಲ್ಲೇ ಬತ್ತಿ ಹೋಗ್ತಾವೆ, ಬೆಟ್ಟದ ನೆತ್ತಿಗೆ ಒರತೆ ಹೇಗೆ ಹತ್ತುತ್ತೆ?"

ಮೂರು ದಿನದಿಂದ ಅದೇ ತಲೇಲಿ ಕೂತಿದೆ. ಕೋಟೆ ನೆರಳಲ್ಲೇ ಹುಟ್ಟಿ ಬೆಳೆದವನು ನಾನು, ಒಬ್ಬ ಮಗುವಿಗೆ ಹೇಳೋಕೆ ಆಗಲಿಲ್ಲ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಬಂಡೆ ಓದುವವ

ನಿಮ್ಮ ಮಗಳ ಅನುಮಾನ ಸರಿ ಇದೆ. ಕೋಟೆ ನಿಂತಿರೋ ಗುಡ್ಡಗಳು ಗ್ರಾನೈಟ್. ಮಣ್ಣಿನ ಹಾಗೆ, ಮರಳಿನ ಹಾಗೆ ಈ ಕಲ್ಲು ನೀರು ಕುಡಿಯಲ್ಲ. ಎಲ್ಲಾದರೂ ಸೀಳು ಬಿಟ್ಟಿದ್ದರೆ, ಮೇಲ್ಪದರ ಕೊಳೆತು ಮರಳಾಗಿದ್ದರೆ ಅಲ್ಲಿ ಒಂದಿಷ್ಟು ನಿಲ್ಲುತ್ತೆ. ಉಳಿದದ್ದೆಲ್ಲ ಬಿದ್ದ ಹಾಗೇ ಜಾರಿ ಹೋಗುತ್ತೆ.

ಆ ಜಾರಿ ಹೋಗೋ ಗುಣವೇ ದುರ್ಗಕ್ಕೆ ವರವಾದದ್ದು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಎಕರೆ ಅಂದರೆ 4,047 ಚದರ ಮೀಟರ್. ಒಂದು ಎಕರೆ ಬೋಳು ಬಂಡೆ ಮೇಲೆ 25 ಮಿಲಿಮೀಟರ್, ಅಂದರೆ ಒಂದೇ ಒಂದು ಇಂಚು ಮಳೆ ಸುರಿದರೆ ಒಂದು ಲಕ್ಷ ಲೀಟರ್ ದಾಟುತ್ತೆ. ಅದೇ ಮಳೆ ಉತ್ತಿದ ಹೊಲದ ಮೇಲೆ ಬಿದ್ದಿದ್ದರೆ ಬಹುಪಾಲು ಮಣ್ಣಿಗೇ ಹೋಗ್ತಿತ್ತು. ಬಂಡೆ ಮೇಲೆ ಬಿದ್ದದ್ದರಲ್ಲಿ ಹೆಚ್ಚಿನದು ಹರಿದು ಕೈಗೆ ಸಿಗುತ್ತೆ. ಕೋಟೆಯೊಳಗೆ ಇಂಥ ಬಂಡೆ ಎಷ್ಟು ಎಕರೆ ಇದೆ, ಕಣ್ಣಳತೆಯಲ್ಲೇ ನೋಡಿ.

ಹೊಂಡಗಳು ಆಳವಾಗಿ ಯಾಕಿವೆ ಅನ್ನೋದೂ ಇಲ್ಲೇ ಅರ್ಥ ಆಗುತ್ತೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಬಿಸಿಲಿಗೆ, ಗಾಳಿಗೆ ತೆರೆದ ನೀರಿನಿಂದ ಆರಿ ಹೋಗೋದು ಅದಕ್ಕಿಂತ ಜಾಸ್ತಿ. ಅಗಲವಾಗಿ ತೆಳ್ಳಗೆ ನಿಲ್ಲಿಸಿದರೆ ಬೇಸಿಗೆಗೆ ಏನೂ ಉಳಿಯಲ್ಲ. ಆಳ ಹೆಚ್ಚಿಸಿ, ಬಾಯಿ ಕಿರಿದು ಮಾಡಿ, ಬಂಡೆಯ ನೆರಳಲ್ಲಿ ಇಟ್ಟರೆ ಉಳಿಯುತ್ತೆ.

ಸಂತೆಪೇಟೆ ಹಳಬ

ಬಂಡೆ ಓದುವವರು ಲೆಕ್ಕ ಚೆನ್ನಾಗಿ ಹೇಳಿದರು. ಒಂದು ಮಾತು ಸೇರಿಸ್ತೀನಿ. ಮೇಲಿರೋದು ಬಿಡಿ ಬಿಡಿ ಹೊಂಡಗಳಲ್ಲ. ಗೋಪಾಲಸ್ವಾಮಿ ಹೊಂಡ ತುಂಬಿ ಕೋಡಿ ಬಿದ್ದರೆ ಅಕ್ಕ-ತಂಗಿಯರ ಹೊಂಡಕ್ಕೆ. ಅಲ್ಲಿಂದ ಹೆಚ್ಚಾದದ್ದು ಸಿಹಿನೀರು ಹೊಂಡಕ್ಕೆ. ಅಲ್ಲಿಂದ ಕೆಳಗೆ ಊರಿನ ಸಂತೆಹೊಂಡಕ್ಕೆ. ಸಂತೆಹೊಂಡ ದುರ್ಗದ ಪಾಳೇಗಾರ ಭರಮಣ್ಣ ನಾಯಕರ ಕಾಲದ್ದು. ಬೆಟ್ಟದ ನೆತ್ತಿಯಲ್ಲಿ ಬಿದ್ದ ಹನಿ ಅರಮನೆಯವರಿಗೂ, ಕಾವಲಿನವರಿಗೂ, ಕಡೆಗೆ ಸಂತೆಗೆ ಬಂದ ಪರವೂರಿನವರಿಗೂ ಸಿಕ್ಕಿ ಹೋಗ್ತಿತ್ತು. ಒಂದೇ ನೀರು, ಮೆಟ್ಟಿಲಿಳಿದ ಹಾಗೆ ಇಳಿದು ಬರೋದು.

ಒಂದು ಹೊಂಡದಿಂದ ಇನ್ನೊಂದಕ್ಕೆ ಹೋಗೋ ನಡುವೆ ನೀರು ತಿಳಿಯಾಗುತ್ತೆ, ಮಣ್ಣು ಮೇಲಿನ ಹೊಂಡದಲ್ಲೇ ಕೂರುತ್ತೆ. ಹೂಳು ತೆಗೆಯೋದು ಮೇಲಿನದಕ್ಕೆ ಮೊದಲು, ಕೆಳಗಿನದಕ್ಕೆ ಆಮೇಲೆ ಅಂತ ನಮ್ಮಪ್ಪ ಹೇಳೋರು. ಈಗ ನಾವು ಕೆಳಗಿನದನ್ನೇ ತೊಳೀತಾ ಕೂತಿದೀವಿ. ಬಣ್ಣ ಹೊಡೆದು, ಕಬ್ಬಿಣದ ಬೇಲಿ ಹಾಕ್ತೀವಿ. ನೀರು ಬರೋ ದಾರಿ ಏನಾಯ್ತು ಅಂತ ಕೇಳೋರು ಕಡಿಮೆ. ಹೊಂಡ ಅಂದರೆ ಗುಂಡಿ ಮಾತ್ರ ಅಲ್ಲ, ಅದಕ್ಕೆ ಬರೋ ದಾರಿಯೂ ಹೊಂಡವೇ. ಇದನ್ನ ಎಷ್ಟು ಸಲ ಹೇಳಿದರೂ ನನಗೆ ಸಾಕಾಗಲ್ಲ.

ಜೋಗಿಮಟ್ಟಿ ನಡಿಗೆ

ಒರತೆ ಇಲ್ಲವೇ ಇಲ್ಲ ಅನ್ನೋ ಹಾಗೆ ಮಾತು ಹೋಗ್ತಿದೆ, ಅದು ಪೂರ್ತಿ ಸರಿಯಲ್ಲ. ಕೋಟೆಯಲ್ಲಿ ತಣ್ಣೀರು ದೋಣಿ ಇದೆ. ಬಂಡೆ ಸಂದಿಯಲ್ಲಿ, ಹೆಸರಿಗೆ ತಕ್ಕಂತೆ ಕೈಯಿಟ್ಟರೆ ಜುಮ್ ಅನ್ನುತ್ತೆ. ಮಳೆ ನಿಂತು ತಿಂಗಳುಗಳಾದ ಮೇಲೂ ಅಲ್ಲಿ ನೀರು ನೋಡಿದೀನಿ. ಇದಕ್ಕೇನಂತೀರಿ? ಓಬವ್ವನ ಕಥೆ ನೆನಪು ಮಾಡ್ಕೊಳ್ಳಿ. ಗಂಡ ಊಟಕ್ಕೆ ಕೂತಿದ್ದ, ಆಕೆ ನೀರು ತರೋಕೆ ಅಂತ ಹೋದಾಗಲೇ ಕಿಂಡಿ ಹತ್ತಿರ ವೈರಿ ಸದ್ದು ಕೇಳಿದ್ದು. ಕಾವಲಿನವನ ಮನೆ ಬಾಗಿಲಲ್ಲೇ ಕುಡಿಯೋ ನೀರು ಸಿಗ್ತಿತ್ತು ಅಂತ ಆಯ್ತಲ್ಲ.

ಇನ್ನು ಜೋಗಿಮಟ್ಟಿ. ಊರಿಂದ ಹತ್ತು ಕಿಲೋಮೀಟರ್ ಆಸುಪಾಸು. ಅಲ್ಲಿನ ಹಿಮವತ್ಕೇದಾರದಲ್ಲಿ ಗವಿಯೊಳಗೆ ನೀರು ಜಿನುಗುತ್ತೆ. ಕೋಟೆ ಬೆಟ್ಟ ಒಣಗಿ ಬಿಳಿಚಿಕೊಂಡಿರೋ ಹೊತ್ತಲ್ಲೂ ಜೋಗಿಮಟ್ಟಿ ಮೇಲೆ ಬೆಳಗಿನ ಮಂಜು, ಒದ್ದೆ ಹುಲ್ಲು. ಎರಡು ಬೆಟ್ಟ ಪಕ್ಕಪಕ್ಕದಲ್ಲೇ ಇದ್ದೂ ಇಷ್ಟು ಬೇರೆ ಯಾಕೆ?

ಬಂಡೆ ಓದುವವ

ಒಳ್ಳೆ ಪ್ರಶ್ನೆ. ತಣ್ಣೀರು ದೋಣಿ ಬಗ್ಗೆ ನನ್ನ ಮಾತು ಅರ್ಧ ಆಗಿತ್ತು, ಒಪ್ಕೋತೀನಿ. ಅದು ಭೂಮಿಯಾಳದಿಂದ ಮೇಲೆ ಚಿಮ್ಮೋ ನೀರಲ್ಲ. ಮೇಲಿನ ಬಂಡೆ ಸೀಳುಗಳಲ್ಲಿ, ಸಂದಿಯಲ್ಲಿ ತುಂಬಿಕೊಂಡ ಮರಳಿನಲ್ಲಿ ಮಳೆಗಾಲದ ನೀರು ಅಡಗಿ ಕೂತು, ನಿಧಾನಕ್ಕೆ ಜಿನುಗಿ ಬರೋದು. ಬಿಸಿಲು ತಾಗಲ್ಲ, ಅದಕ್ಕೇ ತಣ್ಣಗೆ. ಒರತೆ ಅಂತ ಕರೆದರೆ ತಪ್ಪಿಲ್ಲ. ಆದರೆ ಅದರ ತಾಯಿಯೂ ಮಳೆಯೇ.

ಜೋಗಿಮಟ್ಟಿ ಬೇರೆ ಕಲ್ಲು. ಅದು ಹಳೇ ಲಾವಾ. ನಮ್ಮ ಊರು ಚಿತ್ರದುರ್ಗ ಶಿಸ್ಟ್ ಪಟ್ಟಿ ಅಂತ ಕರೆಯೋ, ಉತ್ತರ ದಕ್ಷಿಣವಾಗಿ ನೂರಾರು ಕಿಲೋಮೀಟರ್ ಚಾಚಿದ ಶಿಲಾಪಟ್ಟಿಯ ಮೇಲಿದೆ. ಇಂಗಳದಾಳದ ತಾಮ್ರ ಸಿಕ್ಕಿದ್ದೂ ಇದೇ ಪಟ್ಟಿಯಲ್ಲಿ. ಈ ಕಲ್ಲು ಗ್ರಾನೈಟ್‌ಗಿಂತ ಬೇಗ ಸವೆದು ಮಣ್ಣಾಗುತ್ತೆ, ಪದರು ಪದರಾಗಿ ಬಿರುಕು ಬಿಡುತ್ತೆ. ಮಣ್ಣಿದ್ದ ಕಡೆ ಹುಲ್ಲು, ಹುಲ್ಲಿದ್ದ ಕಡೆ ಕಾಡು, ಕಾಡಿದ್ದ ಕಡೆ ನೀರು ತಡೆದು ತಡೆದು ಇಳಿಯುತ್ತೆ. ಕೋಟೆ ಬೆಟ್ಟ ನೀರನ್ನ ಕೊಡವಿ ಹಾಕುತ್ತೆ, ಜೋಗಿಮಟ್ಟಿ ಹಿಡಿದಿಟ್ಟುಕೊಂಡು ಬಿಡುತ್ತೆ. ನಮ್ಮ ಹಿರಿಯರು ಒಂದಕ್ಕೆ ಹೊಂಡ ಕಟ್ಟಿದರು, ಇನ್ನೊಂದರ ತಪ್ಪಲಿಗೆ ಕೆರೆ ಕಟ್ಟಿದರು. ಜೋಗಿಮಟ್ಟಿ ತಪ್ಪಲಿನ ತಿಮ್ಮಣ್ಣನಾಯಕನ ಕೆರೆ ನೆನೆಸಿಕೊಂಡರೆ ಸಾಕು.

ಇನ್ನೊಂದು ಹೇಳದೆ ಇರೋಕೆ ಆಗ್ತಿಲ್ಲ. ಮರಡಿಹಳ್ಳಿಗೆ ಹೋಗಿದೀರಾ? ಅಲ್ಲಿನ ಬಂಡೆಗಳು ದಿಂಬು ಜೋಡಿಸಿಟ್ಟ ಹಾಗಿವೆ. ದಿಂಬು ಲಾವಾ ಅಂತಾರೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಲಾವಾ ನೀರಿನೊಳಗೆ ಉಕ್ಕಿ, ಥಟ್ಟನೆ ತಣಿದಾಗ ಮಾತ್ರ ಆ ಆಕಾರ ಬರುತ್ತೆ. ಸುಮಾರು 250 ಕೋಟಿ ವರ್ಷದ ಹಿಂದೆ ಆ ಜಾಗ ನೀರಿನಡಿ ಇತ್ತು. ಬರದ ನಾಡು ಅಂತ ಹೆಸರಾದ ನಮ್ಮ ನೆಲದ ಈ ಕಲ್ಲು ಹುಟ್ಟಿದ್ದು ನೀರಿನ ಹೊಟ್ಟೆಯಲ್ಲಿ. ಮೊದಲ ಸಲ ನೋಡಿದಾಗ ಎಷ್ಟೋ ಹೊತ್ತು ಆ ಕಲ್ಲನ್ನ ಮುಟ್ಟಿಕೊಂಡೇ ಕೂತಿದ್ದೆ.

ಚಂದ್ರವಳ್ಳಿ ದಾರಿ

ಕೆರೆ ಅಂದ ಕೂಡಲೇ ನನಗೆ ಕೋಟೆ ಪಕ್ಕದ ಕಣಿವೆ ಚಂದ್ರವಳ್ಳಿ ನೆನಪು. ಭೈರವೇಶ್ವರ ಗುಡಿ ಹತ್ತಿರದ ಬಂಡೆ ಮೇಲೆ ಕದಂಬ ಮಯೂರಶರ್ಮನ ಶಾಸನ ಇದೆ. ಪ್ರಾಕೃತ ಭಾಷೆ, ನಾಲ್ಕನೇ ಶತಮಾನದ್ದು. 1929ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಗೆದ್ದ ರಾಜರ ಪಟ್ಟಿ ಅದರಲ್ಲಿದೆ, ಶಾಲೆಯಲ್ಲಿ ಅದನ್ನೇ ಹೇಳಿಕೊಡ್ತಾರೆ. ಆದರೆ ಶಾಸನ ಬರೆಸಿದ್ದು ಯಾಕೆ ಅಂತ ನೋಡಿ. ಕೆರೆ ಮಾಡಿಸಿದ್ದಕ್ಕೆ. ಒಂದು ರಾಜ್ಯ ಕಟ್ಟಿದವನು ಬಂಡೆ ಮೇಲೆ ಹೆಸರು ಕೊರೆಸೋಕೆ ಆರಿಸಿಕೊಂಡ ಕೆಲಸ ನಮ್ಮೂರಿನ ಒಂದು ಕೆರೆ. ಪಾಳೇಗಾರರಿಗಿಂತ ಸಾವಿರ ವರ್ಷಕ್ಕೂ ಹಿಂದೆ ಈ ಕಣಿವೆಗೆ ಇಳಿಯೋ ನೀರನ್ನ ಯಾರೋ ನಿಲ್ಲಿಸಿದ್ದರು.

ಶಾಸನದ ಎದುರು ನಿಂತು ಎಲ್ಲರೂ ಫೋಟೋ ತೆಗೀತಾರೆ. ಹಿಂದೆ ತಿರುಗಿ ಕೆರೆ ನೋಡಿ ಅಂತ ನನಗೆ ಹೇಳಬೇಕು ಅನ್ಸುತ್ತೆ.

ಎರೆಹೊಲ ಚಳ್ಳಕೆರೆ

ಬೆಟ್ಟದ ಮೇಲಿನವರ ಮಾತಾಯ್ತು. ಬಯಲಿನವರ ಮಾತೂ ಕೇಳ್ರಿ. ನಮ್ಮ ಕಡೆ ಮಳೆ ನಿಮಗಿಂತಲೂ ಕಡಿಮೆ. ಮುಂಗಾರು ಮಲೆನಾಡಲ್ಲೇ ಖಾಲಿಯಾಗಿ, ನಮಗೆ ಬರೀ ಗಾಳಿ ಬರ್ತದೆ. ನಮ್ಮ ಆಸೆಯೆಲ್ಲ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ ಮಳೆಗಳ ಮೇಲೆ. ಈ ನಾಲ್ಕರಲ್ಲಿ ಎರಡು ಕೈಕೊಟ್ಟರೆ ಶೇಂಗಾ ಬಳ್ಳಿ ಹೊಲದಲ್ಲೇ ಸುಟ್ಟು ಹೋಗ್ತದೆ.

ಬಂದರೆ ಒಂದೇ ರಾತ್ರಿ ಬರ್ತದೆ. ಆ ಒಂದು ರಾತ್ರಿ ಮಳೆ ಹಿಡಿಯೋಕೆ ಗೋಕಟ್ಟೆ, ಕುಂಟೆ, ಕೆರೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಅವರ ಹೆಸರು ಎಲ್ಲರಿಗೂ ಗೊತ್ತು, "ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ" ಅನ್ನೋದೂ ಗೊತ್ತು. ಆ ಮಾತು ಹುಟ್ಟಿದ್ದು ಕೆರೆ ಕಟ್ಟೋ ಕೆಲಸದಲ್ಲಿ ಅಂತ ನಮ್ಮ ಕಡೆ ಹೇಳ್ತಾರೆ. ಮಣ್ಣು ಹೊತ್ತಷ್ಟು ಕೂಲಿ. ತೇರಿಗೆ ಲಕ್ಷ ಜನ ಸೇರ್ತಾರೆ. ಆ ಕೆರೆಗಳಿಗೆ ನೀರು ತರೋ ಹಳ್ಳಗಳನ್ನ ನೋಡೋಕೆ ನಾಲ್ಕು ಜನ ಬಂದರೂ ಸಾಕಿತ್ತು.

ನಮ್ಮ ಕಡೆ ದನ ಸಾಕೋ ಮ್ಯಾಸಬೇಡರ ದೇವರ ಎತ್ತುಗಳು ಕಾವಲಲ್ಲಿ, ಅಂದರೆ ಹುಲ್ಲುಗಾವಲಲ್ಲಿ ಮೇಯ್ತಾವೆ. ಅವುಗಳ ಹಿಂದೆ ತಿರುಗೋ ಕಿಲಾರಿಗಳನ್ನ ಕೇಳಿ, ಯಾವ ತಿಂಗಳು ಯಾವ ಕಟ್ಟೆಯಲ್ಲಿ ನೀರು ಇರ್ತದೆ ಅಂತ ಬೆರಳ ತುದಿಯಲ್ಲಿ ಹೇಳ್ತಾರೆ. ಯಾವ ನಕ್ಷೆಯಲ್ಲೂ ಅದು ಸಿಗಲ್ಲ. ಕಾವಲಿಗೆ ಬೇಲಿ ಬಿದ್ದ ಕಡೆ ಕಟ್ಟೆ ಬೇಲಿಯ ಆ ಕಡೆ ಉಳೀತು, ಎತ್ತು ಈ ಕಡೆ.

ಬೋರ್ ಬಗ್ಗೆ ಏನು ಹೇಳಲಿ. ನಮ್ಮಪ್ಪ ತೋಡಿಸಿದ ಬಾವಿ 40 ಅಡಿ. ನಾನು ಹೊಡೆಸಿದ ಮೊದಲ ಬೋರು 280 ಅಡಿ. ಹೋದ ವರ್ಷದ್ದು 900 ಅಡಿ, ಬಂದದ್ದು ಧೂಳು. ಸಾಲ ಇನ್ನೂ ತೀರಿಲ್ಲ. ಪಕ್ಕದ ಊರಲ್ಲಿ ಆಳದಿಂದ ಬಂದ ನೀರು ಕುಡಿದ ಮಕ್ಕಳ ಹಲ್ಲೆಲ್ಲ ಕಂದು. ಕುಡಿಯೋಕೆ ಐದು ರೂಪಾಯಿ ಕಾಯಿನ್ ಹಾಕಿ ಕ್ಯಾನ್ ತುಂಬಿಸ್ತೀವಿ.

ಬಂಡೆ ಓದುವವ

ಅಣ್ಣ, ಆ ಕಂದು ಹಲ್ಲಿಗೆ ಕಾರಣ ಫ್ಲೋರೈಡ್. ಗ್ರಾನೈಟ್‌ನಲ್ಲಿ ಫ್ಲೋರೈಡ್ ಇರೋ ಖನಿಜಗಳಿವೆ. ಮಳೆ ನೀರು ಕಲ್ಲಿನ ಸಂಗಡ ಹೆಚ್ಚು ಕಾಲ ಇದ್ದಷ್ಟೂ ಅದನ್ನ ಕರಗಿಸಿಕೊಳ್ಳುತ್ತೆ. ಆಳದ ಸೀಳಿನಲ್ಲಿರೋದು ಎಷ್ಟೋ ಕಾಲದಿಂದ ಅಲ್ಲೇ ಕೂತ ನೀರು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯೋಕೆ ಯೋಗ್ಯವಲ್ಲ ಅಂತ ಲೆಕ್ಕ. ನಿಮ್ಮಪ್ಪನ 40 ಅಡಿ ಬಾವಿಯಲ್ಲಿ ಇದ್ದದ್ದು ಇತ್ತೀಚಿನ ಮಳೆಯ ನೀರು. ಅದೇ ಕಲ್ಲು, ಅದೇ ಮಳೆ, ಕಾದ ಕಾಲ ಬೇರೆ.

ಮಾರಿಕಣಿವೆ ಕೆಳಗಿನವ

ಹಿರಿಯೂರಿಂದ ಬರೀತಿದೀನಿ. 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ, ಅದೇ ನಮ್ಮ ಮಾರಿಕಣಿವೆ ಡ್ಯಾಮು, ಕೋಡಿ ಬಿದ್ದಾಗ ನಮ್ಮಜ್ಜಿಯನ್ನ ಆಟೋದಲ್ಲಿ ಕೂರಿಸಿಕೊಂಡು ಹೋಗಿದ್ದೆ. 1933ರ ನಂತರ ಮೊದಲ ಸಲ. 89 ವರ್ಷ! ಅಜ್ಜಿ ಹುಟ್ಟೋಕೆ ಮುಂಚೆ ಒಂದು ಸಲ ತುಂಬಿದ್ದ ಡ್ಯಾಮು. ಆಕೆ ಮಾತಾಡಲಿಲ್ಲ, ಕಣಿವೆ ಮಾರಮ್ಮನ ಗುಡಿ ಕಡೆ ತಿರುಗಿ ಕೈ ಮುಗಿದು ನಿಂತಳು. ಆಮೇಲೆ 2025ರ ಜನವರಿಯಲ್ಲೂ ಕೋಡಿ ಬಿತ್ತು.

ಜಾಗ ಆರಿಸಿದ್ದು ನೋಡಿ. ಎರಡು ಗುಡ್ಡ ಹತ್ತಿರ ಹತ್ತಿರ ಬಂದು ವೇದಾವತಿಗೆ ಒಂದು ಕಿಂಡಿ ಮಾತ್ರ ಬಿಟ್ಟ ಕಡೆ ಅಡ್ಡಗಟ್ಟೆ. 1898ರಲ್ಲಿ ಶುರು, 1907ರಲ್ಲಿ ಮುಗೀತು. ನೀರಿನ ಮಟ್ಟ 130 ಅಡಿ, ಹಿಡಿಯೋದು 30 ಟಿಎಂಸಿ, ಅಂದರೆ 3,000 ಕೋಟಿ ಘನ ಅಡಿ ನೀರು. ಇಷ್ಟು ದೊಡ್ಡದು ಯಾಕೆ ಅಷ್ಟು ವರ್ಷ ತುಂಬಲಿಲ್ಲ? ವೇದಾವತಿ ನಮ್ಮ ಬಯಲಲ್ಲಿ ಹುಟ್ಟಿದ್ದಲ್ಲ. ಚಂದ್ರದ್ರೋಣ ಪರ್ವತದಿಂದ ವೇದಾ ಅಯ್ಯನಕೆರೆ ಮೂಲಕ ಬರ್ತಾಳೆ, ಅವತಿ ಮದಗದ ಕೆರೆ ಮೂಲಕ. ಕಡೂರಿನ ಹತ್ತಿರ ಇಬ್ಬರೂ ಸೇರಿ ವೇದಾವತಿ. ಅಷ್ಟೆತ್ತರದ ಹುಲ್ಲುಗಾವಲು, ಶೋಲಾ ಕಾಡು ಸ್ಪಂಜಿನ ಹಾಗೆ ಹೀರಿ ಬಿಟ್ಟ ನೀರು ನಮಗೆ ಬರಬೇಕು. ದಾರಿಯಲ್ಲಿ ಕೆರೆ, ಚೆಕ್ ಡ್ಯಾಮು, ತೋಟ. ಮೇಲಿನವರನ್ನ ಬೈಯೋಕೆ ನನಗೆ ಮನಸ್ಸಿಲ್ಲ, ಅವರಿಗೂ ಬದುಕು ಬೇಕು. ಆದರೆ ಬಾಬಾಬುಡನ್‌ಗಿರಿಯ ಹುಲ್ಲಿಗೂ ಹಿರಿಯೂರಿನ ತೆಂಗಿಗೂ ಸಂಬಂಧ ಇದೆ ಅಂತ ಇಲ್ಲಿ ಯಾರಿಗೂ ಹೇಳಿಕೊಡಲ್ಲ, ಅದು ನನಗೆ ನೋವು.

ಜಗಳೂರಿನವ

ಎಲ್ಲ ಸರಿ, ಆದರೆ ಹಳೇ ಹೊಂಡ, ಹಳೇ ಹಳ್ಳ ಅಂತ ಕೂತರೆ ಇವತ್ತಿನ ಜನಕ್ಕೆ ನೀರು ಸಾಕಾಗಲ್ಲ. ನಮ್ಮ ಜಗಳೂರು ತಾಲ್ಲೂಕಿನ ಸ್ಥಿತಿ ಏನಿತ್ತು ಅಂತ ನೋಡಿದವರಿಗೇ ಗೊತ್ತು. 57 ಕೆರೆ ಯೋಜನೆಯಲ್ಲಿ ದೀಟೂರಿನ ಹತ್ತಿರ ತುಂಗಭದ್ರಾ ನೀರೆತ್ತಿ ಪೈಪಲ್ಲಿ ತಂದರು. ಸಿರಿಗೆರೆ ಸ್ವಾಮೀಜಿ ಬೆನ್ನು ಹತ್ತಿ ಮಾಡಿಸಿದ ಕೆಲಸ ಅದು. ನಮ್ಮೂರ ಕೆರೆಗೆ ನೀರು ಬಿದ್ದ ದಿನ ಹೆಂಗಸರು ಬಾಗಿನ ಹಿಡ್ಕೊಂಡು ಓಡಿದ್ದನ್ನ ನಾನು ಕಣ್ಣಾರೆ ಕಂಡೀನಿ. ಅಲ್ಲಿಂದ ಬತ್ತಿದ್ದ ಬೋರುಗಳಲ್ಲಿ ನೀರು ಐತಿ. ಚಿತ್ರದುರ್ಗದವರು ಇವತ್ತು ಕುಡಿಯೋದೂ ಬೆಟ್ಟದ ನೀರಲ್ಲ, ಸೂಳೆಕೆರೆ ಮತ್ತು ವಾಣಿವಿಲಾಸದ್ದು. ಭದ್ರಾ ಮೇಲ್ದಂಡೆ ಯೋಜನೆ ಬೇಗ ಮುಗಿಯಲಿ ಅಂತ ಕೇಳೋದು ಬಿಟ್ಟು ಗೋಪಾಲಸ್ವಾಮಿ ಹೊಂಡದ ಕೋಡಿ ಹುಡುಕೋದು ಯಾಕೆ?

ಸಂತೆಪೇಟೆ ಹಳಬ

ನಿಮ್ಮೂರಿಗೆ ನೀರು ಬಂದದ್ದು ನಮಗೂ ಸಂತೋಷ. ಮೇಲ್ದಂಡೆಗೆ ನಾನೂ ಧರಣಿ ಕೂತವನೇ. 29.9 ಟಿಎಂಸಿ ನಮ್ಮ ಹಕ್ಕು. 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಅಂತ ಓದಿದ ದಿನ ಮನೆಯಲ್ಲಿ ಸಿಹಿ ಮಾಡಿಸಿದ್ದೆ.

ಆದರೆ ಒಂದು ಯೋಚನೆ ಮಾಡಿ. ತುಂಗೆಯಿಂದ ಭದ್ರೆಗೆ ಎತ್ತಿ, ಭದ್ರೆಯಿಂದ ಮತ್ತೆ ಎತ್ತಿ, ಅಜ್ಜಂಪುರದ ಹತ್ತಿರ ಬೆಟ್ಟ ಕೊರೆದು ಸುರಂಗದಲ್ಲಿ ತಂದ ನೀರನ್ನ ಕಡೆಗೆ ಎಲ್ಲಿಗೆ ಬಿಡ್ತೀರಿ? ಕೆರೆಗೇ. ಆ ಕೆರೆಯ ಏರಿ ಬಿರುಕು ಬಿಟ್ಟಿದ್ದರೆ, ತೂಬು ಮುರಿದಿದ್ದರೆ, ಕೋಡಿ ಹಳ್ಳ ಒತ್ತುವರಿಯಾಗಿದ್ದರೆ ಅಷ್ಟು ಕರೆಂಟು ಸುಟ್ಟು ತಂದದ್ದೂ ನಿಲ್ಲಲ್ಲ. ಒಂದು ಕೆರೆ ತುಂಬಿ ಮುಂದಿನದಕ್ಕೆ ಹೋಗಬೇಕು ಅಂದರೆ ಹಳೇ ಸರಪಳಿ ಬೇಕು. ನಿಮಗೆ ಬೇಕಾದ್ದೂ ಅದೇ ದಾರಿ, ನನಗೆ ಬೇಕಾದ್ದೂ ಅದೇ ದಾರಿ.

ಏರಿ ಮೇಲಿನವಳು, ಚನ್ನಗಿರಿ

ಸೂಳೆಕೆರೆ ಹೆಸರು ಬಂತಲ್ಲ, ಅದಕ್ಕೆ ಬರೆದೆ. ನೀವು ನಲ್ಲಿ ತಿರುಗಿಸಿದಾಗ ಬರೋದು ನಮ್ಮ ಶಾಂತವ್ವನ ಕೆರೆ ನೀರು. ಅದೂ ಮಾರಿಕಣಿವೆಯ ಹಾಗೇ, ಎರಡು ಗುಡ್ಡದ ನಡುವಿನ ಸಂದಿಗೆ ಹಾಕಿದ ಏರಿ. ಕೆಲವು ನೂರು ಅಡಿ ಏರಿ ಹಾಕಿ ಹರಿದ್ರಾ ಹಳ್ಳವನ್ನ ತಡೆದರು, ಹಿಂದೆ ಆರು ಸಾವಿರ ಎಕರೆಗೂ ಮಿಕ್ಕಿ ನೀರು ನಿಂತಿತು. ಎಂಟುನೂರು ವರ್ಷಕ್ಕೂ ಹಳೇದು, ಇವತ್ತಿಗೂ ಭದ್ರ. ಈಗ ಭದ್ರಾ ನಾಲೆಯ ನೀರೂ ಸೇರುತ್ತೆ. ಹೂಳು ತುಂಬಿದೆ, ಸುತ್ತ ಒತ್ತುವರಿ ಇದೆ. ದುರ್ಗದವರೂ ಬಂದು ಒಂದು ಸಲ ಏರಿ ಮೇಲೆ ನಿಂತು ನೋಡಿ. ಕುಡಿಯೋ ನೀರಿನ ಮುಖ ನೋಡಿರಬೇಕಲ್ವಾ.

ಜಗಳೂರಿನವ

ಹಳಬರ ಮಾತು ಒಪ್ಪಿದೆ. ನಮ್ಮೂರ ಕೆರೆ ತುಂಬಿದರೂ ಕೆಳಗಿನ ಹಟ್ಟಿಯ ಕಟ್ಟೆಗೆ ನೀರು ಹೋಗಲಿಲ್ಲ, ನಡುವಿನ ಹಳ್ಳದಲ್ಲಿ ಲೇಔಟ್ ಎದ್ದಿತ್ತು. ಇದನ್ನ ಮೊದಲೇ ಬರೀಬೇಕಿತ್ತು.

ಕೋಟೆ ಬದಿಯ ಮನೆ

ಇಷ್ಟೆಲ್ಲ ಮಗಳಿಗೆ ಓದಿ ಹೇಳಿದೆ. ಅವಳು ನೋಟ್‌ಬುಕ್ಕಲ್ಲಿ ಚಿತ್ರ ಬರೆದಿದಾಳೆ. ಮೇಲೆ ಗೋಪಾಲಸ್ವಾಮಿ ಹೊಂಡ, ಕೆಳಗೆ ಅಕ್ಕ-ತಂಗಿ, ಅದರ ಕೆಳಗೆ ಸಿಹಿನೀರು, ಎಲ್ಲಕ್ಕೂ ಕೆಳಗೆ ಸಂತೆಹೊಂಡ. ನಡುವೆ ನೀಲಿ ಪೆನ್ಸಿಲ್ ಗೆರೆ. ಸಿಹಿನೀರು ಹೊಂಡದಿಂದ ಸಂತೆಹೊಂಡದ ಗೆರೆ ಮಾತ್ರ ಚುಕ್ಕಿ ಚುಕ್ಕಿ. ಯಾಕಮ್ಮ ಅಂದರೆ, "ಅದು ಈಗ ಇದೆಯೋ ಇಲ್ವೋ ನೋಡಿಲ್ವಲ್ಲ" ಅಂದಳು.

ನೋಡೋಣ ಅಂತ ತೀರ್ಮಾನ ಮಾಡಿದೀವಿ. ಹಸ್ತ ಮಳೆ ಜೋರಾಗಿ ಹಿಡಿದ ದಿನ, ಮಳೆ ನಿಂತ ಮೇಲೆ ಮೇಲಿಂದ ಕೆಳಕ್ಕೆ ನೀರಿನ ಹಿಂದೆಯೇ ನಡೆದು ಬರೋದು. ಬಂಡೆ ಜಾರುತ್ತೆ, ಅಂಚಿಗೆ ಹೋಗಲ್ಲ, ಮಕ್ಕಳ ಜೊತೆ ದೊಡ್ಡವರು ಇರಲೇಬೇಕು. ಬರೋರು ಹೆಸರು ಹೇಳಿ.

ಜೋಗಿಮಟ್ಟಿ ನಡಿಗೆ

ನಾನು ಬರ್ತೀನಿ. ಹಗ್ಗ ತರ್ತೀನಿ.

ಬಂಡೆ ಓದುವವ

ನಾನೂ. ಮಳೆ ಅಳೆಯೋ ಜಾಡಿ ಇದೆ, ಹಿಂದಿನ ದಿನವೇ ನಿಮ್ಮ ಮನೆ ಮಾಳಿಗೆ ಮೇಲೆ ಇಡ್ತೀನಿ.

ಎರೆಹೊಲ ಚಳ್ಳಕೆರೆ

ಹಸ್ತ ಬಿದ್ದರೆ ನನಗೆ ಹೊಲದ ಕೆಲಸ. ನೋಡಿದ್ದನ್ನ ಇಲ್ಲಿ ಬರೀರಿ, ರಾತ್ರಿ ಓದ್ತೀನಿ.

ಸಂತೆಪೇಟೆ ಹಳಬ

ನನಗೆ ಮಂಡಿ ನೋವು, ಮೆಟ್ಟಿಲು ಹತ್ತೋಕಾಗಲ್ಲ. ಸಂತೆಹೊಂಡದ ಕಟ್ಟೆ ಮೇಲೆ ಕೂತಿರ್ತೀನಿ. ಸಿಹಿನೀರು ಹೊಂಡದಿಂದ ನೀರು ಹೊರಟ ತಕ್ಷಣ ಮಗೂಗೆ ಹೇಳಿ ನನಗೊಂದು ಫೋನ್ ಮಾಡಿಸಿ. ಕೆಳಗೆ ಬಂತೋ ಇಲ್ವೋ, ಬಂದರೆ ಎಷ್ಟು ಹೊತ್ತಿಗೆ ಬಂತು ಅಂತ ನಾನು ಹೇಳ್ತೀನಿ.